ರೋಗಕ್ಕೆ ಬಿದ್ದ ಹೆಸರು: ತೊಗರ್ಸಿ–ಸೊರಬ ಸೀಮೆಯಲ್ಲಿ ನರರೋಗ ಪದಗಳ ಚರಿತ್ರೆ

ಶಿಕಾರಿಪುರ ತಾಲೂಕಿನ ತೊಗರ್ಸಿಯಿಂದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನವರೆಗೆ ಹಬ್ಬಿದ ನೆಲ ಹಿಂದೆ ಬನವಾಸಿ ಹನ್ನೆರಡು ಸಾಸಿರವೆಂಬ ನಾಡಿಗೆ ಸೇರಿತ್ತು. ನರ ಮತ್ತು ಮೆದುಳಿನ ಬೇನೆಗಳನ್ನು ಕನ್ನಡಿಗರು ಕಾಲಕಾಲಕ್ಕೆ ಏನೆಂದು ಕರೆದರು, ಹಾಗೆ ಕರೆದುದರಿಂದ ರೋಗಿಯ ಪಾಲಿಗೆ ಏನಾಯಿತು ಎಂಬುದನ್ನು ತಿಳಿಯಲು ಹೊರಡುವವರಿಗೆ ಈ ನೆಲದಲ್ಲಿ ಎರಡು ದೊಡ್ಡ ಸಾಕ್ಷ್ಯಗಳು ಸಿಗುತ್ತವೆ. ಒಂದು, 1162ರಲ್ಲಿ ಬಳ್ಳಿಗಾವೆಯಲ್ಲಿ ನಿಂತ ಶಾಸನಶಿಲೆ; ಇನ್ನೊಂದು, 1957ರಲ್ಲಿ ಒಂದು ಕಾಡಿನ ಹೆಸರನ್ನು ಹೊತ್ತು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದ ಜ್ವರ. ಇವುಗಳ ನಡುವಿನ ಎಂಟು ನೂರು ವರ್ಷಗಳಲ್ಲಿ ರೋಗಗಳು ಹೆಚ್ಚೇನೂ ಬದಲಾಗದೆ ಇದ್ದರೂ ಅವುಗಳ ಹೆಸರುಗಳು ಬದಲಾದವು, ಮತ್ತು ಹೆಸರು ಬದಲಾದಾಗಲೆಲ್ಲ ರೋಗಿಯನ್ನು ಯಾರ ಬಳಿಗೆ ಒಯ್ಯಬೇಕು, ಯಾವುದಕ್ಕೆ ಹೆದರಬೇಕು ಎಂಬ ತಿಳಿವಳಿಕೆಯೂ ಬದಲಾಯಿತು.

ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡಿದ್ದ ಕೋಡಿಯಮಠ, ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು ಪಡೆದ ಕಾಳಾಮುಖ ಯತಿಗಳ ನೆಲೆ. ಬಿಜ್ಜಳನ ಕಾಲದ 1162ರ ಶಾಸನ ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದುದನ್ನು ವಿವರವಾಗಿ ಹೇಳಿ, ಅದೇ ಉಸಿರಿನಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ ಸಿಗುತ್ತಿದ್ದುದನ್ನೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ದಾಖಲಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಶಾಸನ ರೋಗಗಳನ್ನು ಹೆಸರಿಸುವುದಿಲ್ಲ, ಜನರನ್ನು ಹೆಸರಿಸುತ್ತದೆ. ಕಾಲಿನ ಶಕ್ತಿ ಹೋದವನು ಹುಟ್ಟಿನಿಂದಲೇ ಹಾಗಿದ್ದನೋ, ಜ್ವರದ ಬಳಿಕ ಹಾಗಾದನೋ, ಒಂದು ಮಗ್ಗುಲು ಬಿದ್ದು ಹಾಗಾದನೋ ಎಂಬ ಭೇದ ಅನ್ನದ ಸಾಲಿನಲ್ಲಿ ಬೇಕಾಗಿರಲಿಲ್ಲ. ಆ ಭೇದ ಬೇಕಾಗುತ್ತಿದ್ದುದು ಔಷಧ ಕೊಡುವವನಿಗೆ ಮಾತ್ರ, ಮತ್ತು ಅವನ ಪದಗಳು ಬೇರೆಡೆಯಿಂದ ಬಂದಿದ್ದವು.

ಆ ಪದಗಳ ಮೂಲ ಆಯುರ್ವೇದದ ವಾತ. ದೇಹದೊಳಗಿನ ಚಲನೆಯನ್ನೆಲ್ಲ ನಡೆಸುವುದು ವಾಯು, ಅದು ಕೆರಳಿದರೆ ಚಲನೆ ಕೆಡುತ್ತದೆ ಎಂಬುದು ಅದರ ತಳಹದಿ. ಚರಕಸಂಹಿತೆ ವಾತದಿಂದ ಬರುವ 80 ವಿಕಾರಗಳನ್ನು ಎಣಿಸುತ್ತದೆ. ದೇಹದ ಒಂದು ಪಕ್ಷ, ಅಂದರೆ ಒಂದು ಮಗ್ಗುಲು, ಸತ್ತಂತಾದರೆ ಪಕ್ಷಾಘಾತ. ಮುಖ ಒಂದು ಕಡೆಗೆ ಸೊಟ್ಟಗಾದರೆ ಅರ್ದಿತ. ಸೊಂಟದಿಂದ ಹಿಮ್ಮಡಿಯವರೆಗೆ ನೋವು ಎಳೆದು ರೋಗಿ ಹದ್ದಿನಂತೆ ಕಾಲೆಳೆದು ನಡೆದರೆ ಗೃಧ್ರಸಿ. ಬೆನ್ನು ಬಿಲ್ಲಿನಂತೆ ಬಾಗಿ ಸೆಟೆದರೆ ಧನುಸ್ತಂಭ. ಈ ಹೆಸರುಗಳೆಲ್ಲ ಕಣ್ಣಿಗೆ ಕಂಡುದನ್ನು ಹಾಗೆಯೇ ಹಿಡಿದಿಟ್ಟವು, ಅದರಲ್ಲೇ ಅವುಗಳ ಬಲವಿದೆ. ಕನ್ನಡಿಗರ ಬಾಯಲ್ಲಿ ಪಕ್ಷಾಘಾತ ಪಾರ್ಶ್ವವಾಯುವಾಯಿತು, ಧನುಸ್ತಂಭ ಧನುರ್ವಾಯುವಾಯಿತು. ಗಾಯದೊಳಗೆ ಹೊಕ್ಕ ಸೂಕ್ಷ್ಮಾಣುವಿನ ವಿಷದಿಂದ ಧನುರ್ವಾಯು ಬರುತ್ತದೆಂದು 19ನೆಯ ಶತಮಾನದ ಕೊನೆಯಲ್ಲಿ ಗೊತ್ತಾದ ಮೇಲೂ, ಚುಚ್ಚುಮದ್ದಿನ ಕಾಲ ಬಂದ ಮೇಲೂ, ಹೆಸರಿನಲ್ಲಿ ವಾಯು ಉಳಿದುಕೊಂಡಿದೆ. ಉಳಿದರೂ ಯಾರಿಗೂ ಹಾನಿಯಾಗಿಲ್ಲ, ಏಕೆಂದರೆ ಬಿಲ್ಲಿನ ಚಿತ್ರ ರೋಗವನ್ನು ಗುರುತಿಸಿಕೊಡುವ ಕೆಲಸವನ್ನು ಇಂದಿಗೂ ಮಾಡುತ್ತಿದೆ.

ವೈದ್ಯನ ವಾಯು ಒಂದು, ಊರಿನವರ ಗಾಳಿ ಇನ್ನೊಂದು. ಎರಡು ಪದಗಳಿಗೂ ಅರ್ಥ ಒಂದೇ ಆದರೂ ಅವು ರೋಗಿಯನ್ನು ಎರಡು ಬೇರೆ ದಾರಿಗಳಲ್ಲಿ ನಡೆಸಿದವು. ವಾಯು ದೇಹದ ಒಳಗಿನದು, ಎಣ್ಣೆಗೂ ಕಷಾಯಕ್ಕೂ ಬಗ್ಗುವಂಥದು. ಗಾಳಿ ಹೊರಗಿನದು, ಹೊತ್ತಲ್ಲದ ಹೊತ್ತಿನಲ್ಲಿ ಹಳ್ಳದ ಬದಿಯಲ್ಲೋ ಹುಣಸೆಮರದ ಕೆಳಗೋ ಸೋಕುವಂಥದು. ಪಾರ್ಶ್ವವಾಯು ಎಂದವರು ಪಂಡಿತರ ಮನೆಗೆ ಹೋದರು, ಗಾಳಿ ಸೋಕಿದೆ ಎಂದವರು ಮಂತ್ರಿಸುವವರ ಮನೆಗೆ ಹೋದರು. ಎಳೆಯ ಮಕ್ಕಳಿಗೆ ಬರುವ ಸೆಳೆತದ ವಿಷಯದಲ್ಲಿ ಇವೆರಡೂ ದಾರಿಗಳು ಒಂದೇ ಗ್ರಂಥದಲ್ಲಿ ಕೂಡಿಕೊಂಡದ್ದೂ ಉಂಟು. ಮಗು ಕಣ್ಣು ಮೇಲೆ ಮಾಡಿ, ಮುಷ್ಟಿ ಬಿಗಿದು, ನೊರೆ ಕಾರುವುದನ್ನು ಸುಶ್ರುತಸಂಹಿತೆ ಬಾಲಗ್ರಹಗಳ ಕೆಲಸವೆಂದು ವಿವರಿಸಿ ಅವುಗಳಲ್ಲಿ ಒಂದನ್ನು ಸ್ಕಂದಾಪಸ್ಮಾರವೆಂದು ಕರೆಯಿತು. ಕನ್ನಡದಲ್ಲಿ ಸುಮಾರು 1200ರಲ್ಲಿದ್ದ ದೇವೇಂದ್ರಮುನಿ ಇದೇ ವಿಷಯಕ್ಕೆ ‘ಬಾಲಗ್ರಹ ಚಿಕಿತ್ಸೆ’ ಎಂಬ ಕೃತಿಯನ್ನು ಮೀಸಲಿಟ್ಟ. ಅದಕ್ಕೂ ಮುನ್ನ, ಕೋಡಿಯಮಠದ ಶಾಸನದ ಕಾಲಕ್ಕೆ ಹತ್ತಿರದಲ್ಲೇ, ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದಿದ್ದ. ರೋಗದ ಹೆಸರುಗಳು ಸಂಸ್ಕೃತದಲ್ಲೇ ಉಳಿದರೂ ಅವುಗಳ ವಿವರಣೆ ಕನ್ನಡದಲ್ಲಿ ಆಗಬೇಕೆಂಬ ಹಟ ಈ ನಾಡಿನ ವೈದ್ಯಕವಿಗಳಿಗೆ ಅಷ್ಟು ಹಿಂದೆಯೇ ಇತ್ತೆಂಬುದು ಹೆಮ್ಮೆಪಡಬೇಕಾದ ಸಂಗತಿ.

ಅಪಸ್ಮಾರವೆಂಬ ಪದವನ್ನು ಬಿಡಿಸಿ ನೋಡಿದರೆ ಸ್ಮರಣೆ ಕಳಚಿಹೋಗುವುದು ಎಂಬ ಅರ್ಥ ಬರುತ್ತದೆ. ಗ್ರೀಕರು ಅದೇ ರೋಗಕ್ಕೆ ಕೊಟ್ಟ ಹೆಸರಿನ ಅರ್ಥ ಹಿಡಿದುಕೊಳ್ಳುವುದು, ಅಂದರೆ ಹೊರಗಿನ ಯಾವುದೋ ಶಕ್ತಿ ಮನುಷ್ಯನನ್ನು ಹಿಡಿಯುವುದು. ಆಯುರ್ವೇದದ ಹೆಸರು ರೋಗಿಯೊಳಗೆ ಏನು ಕಳೆದುಹೋಯಿತೆಂಬುದನ್ನು ಹೇಳುತ್ತದೆ, ಗ್ರೀಕ್ ಹೆಸರು ಹೊರಗಿನಿಂದ ಏನು ಬಂದಿತೆಂಬುದನ್ನು ಹೇಳುತ್ತದೆ. ಈ ವಿಷಯದಲ್ಲಿ ಅಪಸ್ಮಾರವೇ ಹೆಚ್ಚು ನಿಖರವಾದ ಪದವೆಂದು ಒಪ್ಪಬೇಕಾಗುತ್ತದೆ. ಆದರೆ ನಟರಾಜನ ಕಾಲಡಿಯಲ್ಲಿ ಬಿದ್ದಿರುವ ಕುಬ್ಜನಿಗೂ ಅಪಸ್ಮಾರನೆಂದೇ ಹೆಸರು. ಶಿಲ್ಪದಲ್ಲಿ ಅವನು ಅಜ್ಞಾನದ ಸಂಕೇತವಾಗಿರಬಹುದು, ಆದರೆ ರೋಗದ ಹೆಸರು ಅಸುರನ ಹೆಸರೂ ಆದಾಗ ಅದನ್ನು ಹೊತ್ತ ಮನೆಯವರಿಗೆ ಆ ಪದವನ್ನು ಗಟ್ಟಿಯಾಗಿ ಆಡಲು ನಾಲಗೆ ಏಳದೆ ಹೋದದ್ದು ಸಹಜ. ಮೂರ್ಛೆರೋಗ ಎಂಬ ಮೆತ್ತನೆಯ ಮಾತು, ಆಮೇಲೆ ಫಿಟ್ಸ್ ಎಂಬ ಇಂಗ್ಲಿಷ್ ಮಾತು ಊರೂರಲ್ಲಿ ಬೇರೂರಿದ್ದರ ಹಿಂದೆ ಈ ಸಂಕೋಚದ ಪಾಲೂ ಇದೆ.

ಲಕ್ವದ ಕಥೆ ಇನ್ನೊಂದು ಬಗೆಯದು. ಅರಬ್ಬಿ ಮೂಲದ ಈ ಪದಕ್ಕೆ ಯುನಾನಿ ವೈದ್ಯದಲ್ಲಿ ಮುಖ ಸೊಟ್ಟಗಾಗುವುದೆಂಬ ಸೀಮಿತ ಅರ್ಥವಿದ್ದು, ಅರ್ಧ ದೇಹ ಬಿದ್ದುಹೋಗುವುದಕ್ಕೆ ಅಲ್ಲಿ ಫಾಲಿಜ್ ಎಂಬ ಬೇರೆ ಪದವಿತ್ತು. ಕನ್ನಡಕ್ಕೆ ಬರುವ ಹೊತ್ತಿಗೆ ಫಾಲಿಜ್ ದಾರಿಯಲ್ಲೇ ಉಳಿದು ಲಕ್ವವೊಂದೇ ಎರಡೂ ಅರ್ಥಗಳನ್ನು ಹೊತ್ತುಕೊಂಡಿತು. ಇದರ ಪರಿಣಾಮ ಇಂದಿಗೂ ಕಾಣುತ್ತದೆ: ಮುಖದ ಒಂದೇ ನರ ಕೆಟ್ಟು ಬಾಯಿ ಸೊಟ್ಟಗಾದ ರೋಗಿಗೂ, ಮೆದುಳಿನ ರಕ್ತನಾಳ ಕಟ್ಟಿಯೋ ಒಡೆದೋ ಕೈಕಾಲು ಬಿದ್ದ ರೋಗಿಗೂ ಮನೆಯವರು ಹೇಳುವುದು ಒಂದೇ ಮಾತು. ಮೊದಲನೆಯದು ಬಹುಪಾಲು ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸುಧಾರಿಸುತ್ತದೆ. ಎರಡನೆಯದಕ್ಕೆ ಮೊದಲ ಕೆಲವು ಗಂಟೆಗಳೊಳಗೆ ದೊಡ್ಡಾಸ್ಪತ್ರೆ ಸೇರಬೇಕಾಗುತ್ತದೆ. ಒಬ್ಬರ ಲಕ್ವ ನಾಟಿ ಎಣ್ಣೆಯಲ್ಲಿ ಗುಣವಾಯಿತೆಂಬ ಸುದ್ದಿ ನಂಬಿ ಇನ್ನೊಬ್ಬರು ಆ ಗಂಟೆಗಳನ್ನು ಕಳೆದುಕೊಳ್ಳುವುದಕ್ಕೆ ಎರಡು ರೋಗಗಳು ಒಂದು ಹೆಸರಿನಲ್ಲಿ ಕೂಡಿಹೋದದ್ದೇ ಕಾರಣ. ಲಕ್ವ ‘ಹೊಡೆಯಿತು’ ಎಂಬ ಕ್ರಿಯಾಪದ, ಪಕ್ಷಾಘಾತದಲ್ಲಿರುವ ಆಘಾತ, ಇಂಗ್ಲಿಷಿನ ಸ್ಟ್ರೋಕ್, ಮೂರೂ ಪೆಟ್ಟು ಎಂಬ ಒಂದೇ ಕಲ್ಪನೆಯಿಂದ ಹುಟ್ಟಿದವು. ರೋಗ ಎಷ್ಟು ಥಟ್ಟನೆ ಬರುತ್ತದೆಂಬುದನ್ನು ಈ ಮೂರು ನುಡಿಗಳೂ ಸರಿಯಾಗಿ ಗುರುತಿಸಿದ್ದವು.

ನರ ಎಂಬ ಪದವೂ ಹೀಗೆಯೇ ಅಗಲವಾದದ್ದು. ತಮಿಳಿನ ನರಂಬು, ತೆಲುಗಿನ ನರಮುಗಳ ಬಳಗದ ಈ ದ್ರಾವಿಡ ಪದ ಸ್ನಾಯುವಿನ ತುದಿಯ ಹುರಿಯನ್ನೂ, ಕೈಮೇಲೆ ಉಬ್ಬಿ ಕಾಣುವ ನೀಲಿ ರಕ್ತನಾಳವನ್ನೂ, ಮೆದುಳಿನ ಸಂದೇಶ ಒಯ್ಯುವ ತಂತುವನ್ನೂ ಸೂಚಿಸುತ್ತದೆ. ಇದು ಕನ್ನಡದ ಕೊರತೆಯೇನಲ್ಲ, ಏಕೆಂದರೆ ಇಂದಿನ ನ್ಯೂರಾಲಜಿಗೆ ಮೂಲವಾದ ಗ್ರೀಕ್ ಪದಕ್ಕೂ ಮೊದಲಿಗೆ ಹುರಿ, ಬಿಲ್ಲಿನ ಹೆದೆ ಎಂಬ ಅರ್ಥಗಳೇ ಇದ್ದವು. ಆ ಪದವನ್ನು ಮೆದುಳು–ನರಗಳ ಶಾಸ್ತ್ರಕ್ಕೆ ಮೀಸಲಾಗಿಸಿದ್ದು 1664ರಲ್ಲಿ ಗ್ರಂಥ ಬರೆದ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್. ಕನ್ನಡದಲ್ಲಿ ನರಮಂಡಲ, ಬೆನ್ನುಹುರಿ, ನರವಿಜ್ಞಾನ ಮುಂತಾದ ಪದಗಳು 20ನೆಯ ಶತಮಾನದ ಪಠ್ಯಪುಸ್ತಕ, ನಿಘಂಟುಗಳ ಮೂಲಕ ನೆಲೆಗೊಂಡವು. ಇವು ಶಾಲೆಯಲ್ಲಿ ನಿಂತಷ್ಟು ಗಟ್ಟಿಯಾಗಿ ಆಸ್ಪತ್ರೆಯ ಹೊರಜಗಲಿಯಲ್ಲಿ ನಿಲ್ಲಲಿಲ್ಲ. ಅಲ್ಲಿ ಇಂದಿಗೂ ‘ನರ ಹಿಡಿದುಕೊಂಡಿದೆ’ ಎಂಬ ಮಾತೇ ಸೊಂಟದ ಉಳುಕಿಗೂ ಬೆನ್ನುಹುರಿಯ ಒತ್ತಡಕ್ಕೂ ಸಲ್ಲುತ್ತದೆ.

ಮುಪ್ಪಿನ ಮರೆವಿಗೆ ಕನ್ನಡದಲ್ಲಿ ರೋಗದ ಹೆಸರೇ ಇರಲಿಲ್ಲ, ಗಾದೆಯ ಮಾತು ಇತ್ತು. ಅರವತ್ತಕ್ಕೆ ಅರಳು ಮರಳು ಎಂದು ಜನ ಅದನ್ನು ವಯಸ್ಸಿನ ಸಹಜಗುಣವೆಂದು ಒಪ್ಪಿಕೊಂಡರು, ಬೇಂದ್ರೆಯವರು ಅದೇ ಮಾತನ್ನು ತಮ್ಮ ಕವನ ಸಂಕಲನಕ್ಕೆ ಹೆಸರಾಗಿಸಿ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದರು. ಜರ್ಮನಿಯ ಆಲ್ಝೈಮರ್ 1906ರಲ್ಲಿ ವಿವರಿಸಿದ ರೋಗ ಅವರ ಹೆಸರಿನಿಂದಲೇ ಕನ್ನಡ ಪತ್ರಿಕೆಗಳಿಗೆ ಬಂದದ್ದು ಬಹಳ ತಡವಾಗಿ. ಗಾದೆ ಮರೆವಿನವರನ್ನು ಮನೆಯೊಳಗೆ ಉಳಿಸಿಕೊಂಡಿತು, ರೋಗದ ಹೆಸರು ಅವರನ್ನು ವೈದ್ಯರೆದುರು ಕೂರಿಸಿತು, ಎರಡೂ ಬೇಕಾದವೇ.

ನೋಡಿದ್ದನ್ನು ನೋಡಿದ ಹಾಗೆ ಹೆಸರಿಸುವ ಹಳೆಯ ಪದ್ಧತಿ ಹೊಸ ವೈದ್ಯದಲ್ಲೂ ಸತ್ತಿಲ್ಲವೆಂಬುದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ನೆತ್ತಿಗೆ ಸುರಿದುಕೊಳ್ಳುವಾಗ ಕೆಲವರಿಗೆ ಬಚ್ಚಲಲ್ಲೇ ಎಚ್ಚರ ತಪ್ಪಿ ಸೆಳೆತ ಬರುವುದನ್ನು ಬೆಂಗಳೂರಿನ ನರವೈದ್ಯ ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಬಿಸಿನೀರಿನ ಅಪಸ್ಮಾರವೆಂಬ ಹೆಸರಿನಿಂದ ವರದಿ ಮಾಡಿದರು. ಮೈಮೇಲೆ ನೀರು ಹೊಯ್ದುಕೊಂಡರೆ ಏನೂ ಆಗದೆ ತಲೆಗೆ ಹೊಯ್ದುಕೊಂಡಾಗ ಮಾತ್ರ ಬರುವ ಈ ತೊಂದರೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿತು. ಆ ಹೆಸರಿನಲ್ಲಿ ಕಾರಣವೂ ಇದೆ, ಎಚ್ಚರಿಕೆಯೂ ಇದೆ. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳಬೇಕೆಂಬುದನ್ನು ಅದು ತಾನೇ ಹೇಳಿಬಿಡುತ್ತದೆ.

ಇಂಥ ಅಧ್ಯಯನಗಳು ಬೆಳೆದ ನಿಮ್ಹಾನ್ಸ್, ಅಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ರೂಪುಗೊಂಡದ್ದು 1974ರಲ್ಲಿ, ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿದಾಗ. ಮನಸ್ಸು ಮತ್ತು ನರ ಒಂದೇ ಸಂಸ್ಥೆಯ ಹೆಸರಿನಲ್ಲಿ ಜೊತೆಯಾದದ್ದು ವಿಜ್ಞಾನಕ್ಕೆ ಒಪ್ಪುವಂಥದು. ಹಳ್ಳಿಯ ಕಿವಿಗೆ ಮಾತ್ರ ಅದರಲ್ಲಿ ಹಳೆಯ ಹುಚ್ಚಾಸ್ಪತ್ರೆಯ ಸದ್ದು ಕೇಳಿ, ಫಿಟ್ಸ್ ಬರುವ ಹುಡುಗಿಯನ್ನು ಅಲ್ಲಿಗೆ ಕರೆದೊಯ್ಯಲು ತಂದೆತಾಯಿ ಹಿಂಜರಿದರು, ಏಕೆಂದರೆ ಹುಚ್ಚು ಮತ್ತು ಮೂರ್ಛೆಯನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಹಳ್ಳಿಯವರು ಮಾತ್ರವಲ್ಲ, ಕಾಯಿದೆಯೂ ಹೌದು. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿ ಮರುಕಳಿಸುವ ಹುಚ್ಚಿನ ಜೊತೆಗೆ ಅಪಸ್ಮಾರವನ್ನೂ ಮದುವೆಗೆ ಅಡ್ಡಿಯೆಂದು ಹೇಳಿತ್ತು. 1999ರಲ್ಲಿ ಆ ಒಂದು ಪದವನ್ನು ಕಾಯಿದೆಯಿಂದ ತೆಗೆದುಹಾಕಲಾಯಿತು. ಗುಳಿಗೆಯಿಂದ ಬಹುಮಂದಿಯಲ್ಲಿ ಹತೋಟಿಗೆ ಬರುವ ರೋಗವೊಂದು ಇಪ್ಪತ್ತಮೂರು ವರ್ಷ ಆ ಸಾಲಿನಲ್ಲಿ ನಿಂತಿದ್ದರಿಂದ ಎಷ್ಟು ಮನೆಗಳು ಮುಚ್ಚಿಟ್ಟು ಬದುಕಬೇಕಾಯಿತೆಂಬುದನ್ನು ನೆನೆದರೆ ಸಂಕಟವಾಗುತ್ತದೆ.

ತೊಗರ್ಸಿಯ ನೆರೆಯ ಸೊರಬದ ಕಾಡಿಗೆ ಬರುವ ಹೊತ್ತಿಗೆ ಹೆಸರಿನ ಪ್ರಶ್ನೆ ಜೀವ ಉಳಿಯುವ ಅಳಿಯುವ ಪ್ರಶ್ನೆಯೇ ಆಗುತ್ತದೆ. 1957ರ ಬೇಸಿಗೆಯ ಹೊತ್ತಿಗೆ ಕ್ಯಾಸನೂರು ಕಾಡಿನ ಸುತ್ತ ಮಂಗಗಳೂ ಮುಸುವಗಳೂ ಸಾಲುಸಾಲಾಗಿ ಸಾಯತೊಡಗಿ, ಅದೇ ಹೊತ್ತಿಗೆ ಕಾಡಿಗೆ ಹೋಗಿಬಂದ ಜನ ತಲೆ ಸಿಡಿಯುವ ನೋವು, ಮೈ ಮುರಿಯುವಂಥ ಜ್ವರದಿಂದ ಮಲಗಿದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಕಟ್ಟಿದ ಆ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸೊರಬಕ್ಕೆ ಬಂದರು. ಮಂಗಗಳು ಸಾಯುವ ಮಾರಿಯೆಂದರೆ ಆಗ ವಿಜ್ಞಾನಿಗಳಿಗೆ ಮೊದಲು ನೆನಪಾಗುತ್ತಿದ್ದುದು ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ, ಅದು ಏಷ್ಯಕ್ಕೆ ಬಂದಿಳಿದಿದ್ದರೆ ಗತಿಯೇನೆಂಬ ಭಯ. ಸತ್ತ ಮಂಗಗಳಿಂದ ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ಅದರ ಹತ್ತಿರದ ನೆಂಟ ಸಾವಿರಾರು ಮೈಲಿ ಆಚೆ, ಸೋವಿಯತ್ ದೇಶದ ಕಾಡುಗಳಲ್ಲಿ 1937ರಲ್ಲಿ ಪತ್ತೆಯಾಗಿದ್ದ, ರಷ್ಯನ್ ವಸಂತ–ಗ್ರೀಷ್ಮ ಮೆದುಳುಜ್ವರವೆಂದು ಹೆಸರಾದ ರೋಗದ ವೈರಾಣು.

ಈ ನೆಂಟಸ್ತಿಕೆ ಮೊದಲಿಗೆ ದಾರಿ ತಪ್ಪಿಸಿತು. ನೆಂಟ ರೋಗಕ್ಕೆ ಸಿದ್ಧವಾಗಿದ್ದ ಲಸಿಕೆ ಇಲ್ಲಿಯೂ ಫಲ ಕೊಡಬಹುದೆಂಬ ಆಸೆಯಿಂದ ಅದನ್ನು ಮಲೆನಾಡಿನ ಜನರಿಗೆ ಹಾಕಿ ನೋಡಿದರೂ ಅದು ರಕ್ಷಣೆ ಕೊಡಲಿಲ್ಲ. ರೋಗದ ಚಹರೆಯೂ ಬೇರೆಯಾಗಿತ್ತು. ರಷ್ಯದ ಜ್ವರ ಮೆದುಳನ್ನು ಮುಟ್ಟುವುದಕ್ಕೆ ಹೆಸರಾದರೆ ಸೊರಬದ ಜ್ವರದಲ್ಲಿ ಮೊದಲ ವಾರ ಒಸಡು, ಮೂಗು, ಕರುಳುಗಳಿಂದ ರಕ್ತ ಹರಿಯುವುದು ಎದ್ದು ಕಂಡಿತು, ಹಾಗಾಗಿ ಪುಸ್ತಕಗಳು ಅದನ್ನು ರಕ್ತಸ್ರಾವದ ಜ್ವರಗಳ ಗುಂಪಿಗೆ ಸೇರಿಸಿದವು. ಆದರೆ ಜ್ವರ ಬಿಟ್ಟು, ರೋಗಿ ಎದ್ದು ಕೂತು, ಮನೆಯವರು ಬದುಕಿದೆವೆಂದುಕೊಂಡ ಒಂದೆರಡು ವಾರಗಳ ಬಳಿಕ ಹತ್ತಿಪ್ಪತ್ತು ಮಂದಿಯಲ್ಲೊಬ್ಬರಿಬ್ಬರಿಗೆ ಜ್ವರ ಮರಳಿ ಬರುತ್ತದೆ, ಕತ್ತು ಸೆಟೆಯುತ್ತದೆ, ಕೈ ನಡುಗುತ್ತದೆ, ದೃಷ್ಟಿ ಮಂಜಾಗುತ್ತದೆ, ಮಾತು ಎತ್ತೆತ್ತಲೋ ಹೋಗುತ್ತದೆ. ವಾತ, ಪಿತ್ತ, ಕಫ ಮೂರೂ ಕೆರಳಿದ ಸನ್ನಿಪಾತದಿಂದ ಹುಟ್ಟಿದ ಸನ್ನಿ ಎಂಬ ಕನ್ನಡದ ಹಳೆಯ ಮಾತು ಇಂಥ ಜ್ವರದ ಬಡಬಡಿಕೆಗೆಂದೇ ಇದ್ದದ್ದು. ರಕ್ತದ ಜ್ವರವೆಂದು ವರ್ಗೀಕರಿಸಿದ ರೋಗ ತನ್ನ ಎರಡನೆಯ ಬರವಿನಲ್ಲಿ ಮೆದುಳಿನ ಜ್ವರವೇ ಆಗುತ್ತದೆಂಬುದನ್ನು ಅದರ ಯಾವ ಹೆಸರೂ ಹೇಳುವುದಿಲ್ಲ.

ಹೆಸರುಗಳು ಎರಡು. ವಿಜ್ಞಾನಿಗಳು ವೈರಾಣು ಸಿಕ್ಕ ಕಾಡನ್ನು ನೋಡಿ ಕ್ಯಾಸನೂರು ಕಾಡಿನ ಕಾಯಿಲೆ ಎಂದರು. ಜನ ಕಣ್ಣೆದುರು ಸತ್ತು ಬಿದ್ದ ಪ್ರಾಣಿಯನ್ನು ನೋಡಿ ಮಂಗನ ಕಾಯಿಲೆ ಎಂದರು. ಕನ್ನಡದಲ್ಲಿ ಮಂಗನ ಹೆಸರಿನ ರೋಗ ಇದು ಮೊದಲಲ್ಲ. ಕೆನ್ನೆ ಊದಿ ಮುಖ ಮಂಗನ ಮೂತಿಯಂತಾಗುವ ಮಂಗನಬಾವು ಹಳೆಯದು, ಅಲ್ಲಿ ಮಂಗ ಹೋಲಿಕೆಗೆ ಮಾತ್ರ. ಮಂಗನ ಕಾಯಿಲೆಯಲ್ಲಿ ಮಂಗ ಆರೋಪಿಯಾಯಿತು. ನಿಜದಲ್ಲಿ ಅದೂ ಮನುಷ್ಯನಂತೆ ರೋಗಕ್ಕೆ ಬಲಿಯಾದ ಜೀವ. ರೋಗ ತಗಲಿಸುವುದು ಉಣುಗು, ಕೆಲವೆಡೆ ಉಣ್ಣೆಯೆಂದು ಕರೆಯುವ ರಕ್ತಹೀರುಕ ಜೀವಿ. ದನದ ಕಿವಿಯಲ್ಲಿ ಬೇಳೆಯಂತೆ ಊದಿ ಕೂತ ದೊಡ್ಡ ಉಣುಗನ್ನು ಮಲೆನಾಡಿನ ಮಕ್ಕಳೂ ಬಲ್ಲರು, ಆದರೆ ಮನುಷ್ಯನಿಗೆ ಕುತ್ತು ತರುವುದು ಹೆಚ್ಚಾಗಿ ಅದರ ಎಳೆಯ ಅವಸ್ಥೆ. ಗಸಗಸೆ ಕಾಳಿನಷ್ಟಿರುವ ಅದು ಮಳೆಗಾಲ ಕಳೆದು ನೆಲ ಒಣಗಿದ ಮೇಲೆ, ಡಿಸೆಂಬರಿನಿಂದ ಮೇವರೆಗೆ, ತರಗೆಲೆಯ ಮೇಲೆ ಕಾದಿದ್ದು ಹಾದುಹೋಗುವ ಕಾಲಿಗೆ ಹತ್ತುತ್ತದೆ. ಅಡಕೆ ತೋಟಕ್ಕೂ ಕೊಟ್ಟಿಗೆಗೂ ಸೊಪ್ಪು, ತರಗು ತರಲು ಸೊಪ್ಪಿನಬೆಟ್ಟಕ್ಕೆ ಹೋಗಿ ಬರಿಗಾಲಲ್ಲಿ ನಿಂತು ಎಲೆ ಗುಡಿಸಿ, ಹೊರೆಯನ್ನು ತಲೆಗೇರಿಸಿ ಮನೆಗೆ ಬರುವ ಹೆಂಗಸಿಗೆ ಅದು ಕಚ್ಚಿದ್ದು ಗೊತ್ತಾಗುವುದೂ ಇಲ್ಲ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ತಣ್ಣಗಾದ ದೇಹ ಬಿಟ್ಟು ಕೆಳಗಿಳಿಯುವುದರಿಂದ ಆ ಜಾಗದ ಸುತ್ತ ಸುಮಾರು 50 ಅಡಿ ನೆಲವೇ ಅಪಾಯದ್ದಾಗುತ್ತದೆ, ಆರೋಗ್ಯ ಇಲಾಖೆಯವರು ಅಲ್ಲಿ ಕೀಟನಾಶಕ ಉದುರಿಸುವುದು ಇದೇ ಕಾರಣಕ್ಕೆ. ಮಂಗನ ಹೆಸರು ಕೇಳಿದವರು ಮಂಗನಿಗೆ ಹೆದರಿ ತರಗೆಲೆಯನ್ನು ನಂಬಿದರೆ ಅದು ಅವರ ತಪ್ಪಲ್ಲ, ಹೆಸರು ಅವರಿಗೆ ಹಾಗೆ ಹೇಳಿಕೊಟ್ಟಿದೆ. ರಷ್ಯನ್ನರು ತಮ್ಮ ಜ್ವರವನ್ನು ಉಣುಗಿನ ಮೆದುಳುಜ್ವರವೆಂದೇ ಕರೆಯುತ್ತಾರೆ. ಕಚ್ಚುವುದು ಯಾವುದು, ಕೆಡುವುದು ಯಾವುದು ಎಂಬ ಎರಡೂ ಸಂಗತಿಗಳು ಅವರ ಹೆಸರಿನಲ್ಲಿವೆ.

ಊರಿನ ಹೆಸರು ಹೊತ್ತ ರೋಗದ ಕಷ್ಟವೂ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ, ಮಂಡಿಗಳು ಸವೆದು ಮನುಷ್ಯ ತೆವಳುವಂತಾಗುವ ಬೇನೆ ನರದ್ದಲ್ಲ, ಮೂಳೆಯದೆಂದು ಪರೀಕ್ಷೆಗಳಿಂದ ತಿಳಿಯಿತು. ವಿಜ್ಞಾನಿಗಳು ಅದಕ್ಕೆ ಮಲೆನಾಡಿನ ವಂಶವಾಹಿ ಸಂಧಿವಾತವೆಂಬ ಅರ್ಥದ ಹೆಸರಿಟ್ಟರೂ ಹಂದಿಗೋಡು ಕಾಯಿಲೆಯೆಂಬುದೇ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊಸ ರೋಗಗಳಿಗೆ ಊರಿನ, ಪ್ರಾಣಿಯ, ವ್ಯಕ್ತಿಯ ಹೆಸರಿಡಬಾರದೆಂದು ಸೂಚಿಸಿತು. ಆ ಸೂಚನೆ ಐವತ್ತೆಂಟು ವರ್ಷ ಮೊದಲೇ ಬಂದಿದ್ದರೆ ಕ್ಯಾಸನೂರು, ಮಂಗ ಎರಡೂ ಪದಗಳು ಕೈಬಿಡಬೇಕಾದವುಗಳ ಸಾಲಿಗೆ ಸೇರುತ್ತಿದ್ದವು. ಆದದ್ದು ಬೇರೆ. ಸೌದಿ ಅರೇಬಿಯದಲ್ಲಿ 1990ರ ದಶಕದಲ್ಲಿ ಇದರ ತೀರ ಹತ್ತಿರದ ವೈರಾಣು ಸಿಕ್ಕಾಗ ಅದಕ್ಕೆ ಅಲ್‌ಖುರ್ಮವೆನ್ನಬೇಕೋ ಅಲ್‌ಖುಮ್ರವೆನ್ನಬೇಕೋ ಎಂದು ಊರಿನ ಹೆಸರಿಗಾಗಿಯೇ ವಾದ ನಡೆಯಿತು. ಇತ್ತೀಚೆಗೆ ವೈರಾಣುಗಳಿಗೆಲ್ಲ ಲ್ಯಾಟಿನ್ ಮಾದರಿಯ ಜೋಡಿಹೆಸರು ಕೊಟ್ಟಾಗ ಸೊರಬದ ವೈರಾಣು ಆರ್ಥೋಫ್ಲೇವಿವೈರಸ್ ಕ್ಯಾಸನೂರೆನ್ಸ್ ಆಯಿತು. ಕಾಡಿನ ಹೆಸರು ಇನ್ನು ಅಳಿಯುವುದಿಲ್ಲ, ಅಳಿಯಬೇಕಾಗಿಯೂ ಇಲ್ಲ.

ರೋಗವಾದರೋ ಕಾಡಿನ ಎಲ್ಲೆ ದಾಟಿ ಎಂದೋ ಹೋಯಿತು. 1982–83ರಲ್ಲಿ ಬೆಳ್ತಂಗಡಿಯಲ್ಲಿ ಸುಮಾರು 1,500 ಮಂದಿಗೆ ತಗಲಿತು, ಮುಂದೆ ಬಂಡೀಪುರ, ವಯನಾಡು, ಗೋವ, ಸಿಂಧುದುರ್ಗಗಳಿಗೆ ಹಬ್ಬಿತು, 2018–19ರಲ್ಲಿ ಸಾಗರದ ಅರಳಗೋಡಿನಲ್ಲಿ ಮತ್ತೆ ಮರಣಗಳಾದವು. ಮಂಗನ ಕಾಯಿಲೆ ಎಂಬ ಪದವನ್ನು ಜನರ ಬಾಯಿಂದ ಕಿತ್ತು ಹೊಸದೊಂದನ್ನು ಇಡುವುದು ಆಗದ ಮಾತು, ಮಂಗ ಸತ್ತ ಸುದ್ದಿ ತಕ್ಷಣ ಆಸ್ಪತ್ರೆಗೆ ಮುಟ್ಟಬೇಕೆಂಬ ಕಾರಣಕ್ಕೆ ಅದು ಉಪಯೋಗಕ್ಕೂ ಬರುತ್ತದೆ. ಆದರೆ ಅದು ಒಂಟಿಯಾಗಿ ನಿಲ್ಲಬಾರದು. ಕಾಡಂಚಿನ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಶಾಲೆಯ ಗೋಡೆಗಳ ಮೇಲೆ, ಗ್ರಾಮ ಪಂಚಾಯಿತಿಯ ಫಲಕಗಳಲ್ಲಿ ಆ ಹೆಸರನ್ನು ಬರೆಸುವವರು ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರಗಳಲ್ಲಿ, ‘ಉಣುಗು ಕಚ್ಚಿ ಬರುವ ಜ್ವರ; ಬಿಟ್ಟ ಮೇಲೂ ಮೂರು ವಾರ ರೋಗಿಯ ಮೇಲೆ ಕಣ್ಣಿಡಿ’ ಎಂದು ಬರೆಸಬೇಕು.